ಆಯೇರಿ ಅಂಗಿ, ಹಾಫ್ ಸ್ವೆಟರ್

ಭಾಲ್ಕಿಯ ಥಂಡಿ ಇರುವುದು ಎರಡೇ ತಿಂಗಳು, ಅದೂ ದಿನಕ್ಕೆ ಮೂರು ತಾಸಿನ ಡ್ಯೂಟಿ. ಬೆಳಗಿನ ಆರಕ್ಕೆ ಹಲ್ಲು ಕಟಕಟ ಅಂದರೆ ಹತ್ತಕ್ಕೆ ನೆತ್ತಿ ಚುರುಗುಟ್ಟುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಇಂಥ ಊರಿನಲ್ಲಿ ಮೂರು ತಿಂಗಳು ಕೂತು ಸ್ವೆಟರ್ ಹೆಣೆಯುವ ಯೋಜನೆಯೊಂದು ಕಾರ್ತಿಕದಲ್ಲಿ ಮಂಜೂರಾಯಿತು. ಮಂಜೂರು ಮಾಡಿದವರು ನಮ್ಮ ಮನೆಯವರು, ಫಲಾನುಭವಿ ನಾನು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಫಲಾನುಭವಿಯನ್ನು ಕೇಳಿ ಮಾಡಿದ ಯೋಜನೆಯನ್ನು ನಾನಂತೂ ಇದುವರೆಗೆ ಕಂಡಿಲ್ಲ.

“ಒಂದೇ ಸ್ವೆಟರ್. ಇರೋ ಎಲ್ಲಾ ಅಂಗಿಗೂ ಮ್ಯಾಚ್ ಆಗ್ಬೇಕು ನೋಡ್ರಿ” ಎಂದು ಅವರು ಅಲ್ಮಾರಿ ತೆರೆದರು. ತೊಂದರೆ ಶುರುವಾದದ್ದು ಅಲ್ಲಿಂದ.

ನಮ್ಮ ಕಡೆ ಗಂಡಸಿನ ಅಲ್ಮಾರಿ ಅವನದಲ್ಲ, ಅವನ ಬೀಗರದು. ಇಪ್ಪತ್ತೆಂಟು ಅಂಗಿಗಳಲ್ಲಿ ನಾನು ದುಡ್ಡು ಕೊಟ್ಟು ತಂದವು ಎರಡು. ಉಳಿದವೆಲ್ಲ ಆಯೇರಿ, ಅಂದರೆ ಶುಭಕಾರ್ಯದ ಉಡುಗೊರೆ. ಔರಾದಿನ ಮದುವೆಯ ಗುಲಾಬಿ, ಕಮಲನಗರದ ತೊಟ್ಟಿಲಿನ ಗಿಳಿ ಹಸಿರು, ಸಾಲಗಾರ ಭಾವಮೈದುನನೊಬ್ಬ ಸಾಲದ ಮಾತೆತ್ತದಿರಲೆಂದು ಕೊಟ್ಟ ಬದನೆಕಾಯಿ ಬಣ್ಣ. ಇವನ್ನು ಯಾರೂ ಆರಿಸಿದ್ದಲ್ಲ, ಪ್ರತಿಯೊಬ್ಬರೂ ಸಾಗಹಾಕಿದ್ದು. ನೀಲಿ ಗೆರೆಯ ಬಟ್ಟೆಯೊಂದು ನಮ್ಮಿಂದ ಹೊರಟು ನಾಲ್ಕು ವರ್ಷ ಊರೂರು ತಿರುಗಿ, ಒಂದು ಗೃಹಪ್ರವೇಶದಲ್ಲಿ ಅರಿಶಿನ ಕುಂಕುಮದ ಸಮೇತ ನಮಗೇ ವಾಪಸು ಬಂತು. ಗುರುತು ಸಿಕ್ಕಿದ್ದು ಪ್ಯಾಕೆಟ್ಟಿನ ಮೇಲಿದ್ದ ನನ್ನದೇ ಅಕ್ಷರದಿಂದ. ಇಷ್ಟೂ ಜನರ ಔದಾರ್ಯಕ್ಕೆ ಒಂದೇ ಸ್ವೆಟರ್ ಹೊಂದಬೇಕಂತೆ. ಅಷ್ಟೂ ಬೀಗರು ಒಂದೇ ಪಂಕ್ತಿಯಲ್ಲಿ ಜಗಳವಿಲ್ಲದೆ ಉಂಡೆದ್ದ ದಿನ ಅದೂ ಆದೀತು.

ಬಣ್ಣದ ಆಯ್ಕೆಗೆ ಓಣಿಯ ಹೆಂಗಸರ ಉಪಸಮಿತಿ ಸೇರಿತು. ಕೇಸರಿ ಹಾಕಿಕೊಂಡರೆ “ಯಾವಾಗ ಸೇರಿದ್ರಿ?” ಅನ್ನುತ್ತಾರೆ. ಹಸಿರಾದರೆ ಬೇರೆ ಜನ ಅದನ್ನೇ ಕೇಳುತ್ತಾರೆ, ನೀಲಿಯಾದರೆ ಮತ್ತೊಬ್ಬರು. ಬಿದ್ರಿಯ ಕಪ್ಪಿನ ಮೇಲೆ ಬೆಳ್ಳಿಗೆರೆ ಚೆಂದ ಎಂದರೊಬ್ಬರು. ಬೀದರಿನ ಕೋಟೆಯ ಮಣ್ಣು ಹಾಕಿ ಕಪ್ಪಾಗಿಸುವ ಹೂಜಿಗೆ ಅದು ಸರಿ, ನಿಮ್ಮ ಯಜಮಾನರು ಮೊದಲೇ ಕಪ್ಪು ಎಂದರು ಇನ್ನೊಬ್ಬರು. ಕೊನೆಗೆ ಬೂದಿ ಬಣ್ಣಕ್ಕೆ ಅವಿರೋಧ ಒಪ್ಪಿಗೆ ಸಿಕ್ಕಿತು. ವಿಭೂತಿಯ ಬಣ್ಣ, ಮಠದ ಊರಿನಲ್ಲಿ ಯಾರು ತಕರಾರು ತೆಗೆದಾರು? ನಮ್ಮ ಪುಢಾರಿಗಳಿಗೆ ಈ ಸಂಕಟವೇ ಇಲ್ಲ. ಅಂಗಿ ಸದಾ ಬಿಳಿ, ಬದಲಾಗುವುದು ಶಲ್ಯ ಮಾತ್ರ. ಮ್ಯಾಚಿಂಗ್ ವಿದ್ಯೆ ಕಲಿಯಬೇಕಾದವರು ಅವರ ಧೋಬಿಯನ್ನು ಕಾಣಬೇಕು.

ಮೇಲೊಂದು ತೊಟ್ಟು ಒಳಗೊಂದು ಇಟ್ಟುಕೊಳ್ಳುವುದು ಭಾಲ್ಕಿಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಹೊರಗಿನದು ದೊರೆಯ ಕಣ್ಣಿಗೆ ಮ್ಯಾಚು, ಒಳಗಿನದು ಮಕ್ಕಳಿಗೆ. ಈಗ ದೊರೆಯೂ ಕನ್ನಡದವನೇ, ಹೀಗಾಗಿ ಹೊರಗೆ ಕನ್ನಡದ ಬೋರ್ಡು, ಒಳಗೆ ಇಂಗ್ಲಿಷು, ಮಕ್ಕಳ ಕೊರಳಿಗೆ ಟೈ. ಉಪಾಯ ಉಳಿಸಿಕೊಂಡೆವು, ಬಟ್ಟೆಯನ್ನು ಮಾತ್ರ ತಿರುವಿ ಹಾಕಿಕೊಂಡೆವು.

ಅರ್ಧ ಕಿಲೋ ಉಲನ್ ಬಂತು. ಉಲನ್ ಅಂಗಡಿಯಲ್ಲಿ ಉಣ್ಣೆಯೊಂದು ಬಿಟ್ಟು ಎಲ್ಲ ಸಿಗುತ್ತದೆ. ಚೀಟಿ ಓದಿದರೆ ಅಕ್ರಿಲಿಕ್, ಅಂದರೆ ಪೆಟ್ರೋಲಿನ ಖಾಸಾ ತಮ್ಮ. ನಿಜವಾದ ಉಣ್ಣೆ ಊರ ಹೊರಗೆ ಕುರಿಯ ಮೈಮೇಲೆ ಮೇಯುತ್ತಿದೆ. ಆ ದಖನಿ ಉಣ್ಣೆ ಒರಟೆಂದು ಕೇಳುವವರಿಲ್ಲ, ಎಷ್ಟೋ ಕಡೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ.

ನಮ್ಮಜ್ಜನದೊಂದು ಘೊಂಗಡಿ ಇತ್ತು. ಕರಿಕುರಿಯ ಕಪ್ಪು, ಬಣ್ಣ ಹಾಕಿದ್ದಲ್ಲ. ಹುಣಸೆ ಬೀಜದ ಗಂಜಿ ಕುಡಿದು ತಗಡಿನಂತೆ ನಿಲ್ಲುತ್ತಿತ್ತು. ಮಳೆ ಬಂದರೆ ಮಡಿಸಿ ತಲೆಗೆ ಕೊಪ್ಪೆ, ಬಿಸಿಲಿಗೆ ಹೊಲದಲ್ಲಿ ನೆರಳು, ರಾತ್ರಿ ಹಾಸಿಗೆ, ಬೀಗರು ಬಂದರೆ ಗಾದಿ, ರಾಶಿ ಕಾಲದಲ್ಲಿ ತೊಗರಿ ಹೊರುವ ಜೋಳಿಗೆ. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಅದನ್ನೇ ಹೆಗಲ ಮೇಲೆ ಒಗೆದು ಹೋಗುತ್ತಿದ್ದ, ದೇವರೂ ಮ್ಯಾಚಿಲ್ಲ ಎನ್ನಲಿಲ್ಲ. ಕಂಬಳಿ ಮೇಲೆ ಕೂತು ಉಂಡು ಕೂದಲು ಎಣಿಸುವವ ಅವನಲ್ಲ. ಅಜ್ಜನಿಗಿದ್ದದ್ದು ಎರಡೇ ಅಂಗಿ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಹಳೆಯದೆಲ್ಲ ಹೊನ್ನು ಎಂಬ ಭಾಷಣವಾದೀತು. ಆ ಘೊಂಗಡಿ ಈಗ ನಮ್ಮ ಇನ್ವರ್ಟರ್ ಬ್ಯಾಟರಿಯ ಮೇಲಿದೆ. ಧೂಳಿಗೆ.

ಹೆಣಿಗೆ ನಡೆಯಿತು. ಒಂದು ಸೀದಾ, ಒಂದು ಉಲ್ಟಾ. ಮತ್ತೊಂದು ಸೀದಾ, ಮತ್ತೊಂದು ಉಲ್ಟಾ. ಈ ವಿನ್ಯಾಸ ಎಲ್ಲೋ ಕಂಡಂತಿದೆಯಲ್ಲ ಎಂದುಕೊಂಡೆ. ನನ್ನ ಪಹಣಿ ತಿದ್ದುಪಡಿಯ ಅರ್ಜಿ ಓಡಾಡುತ್ತಿರುವುದು ಹೀಗೆಯೇ. ಬೆನ್ನು ಮುಗಿಯಿತು, ಎದೆ ಮುಗಿಯಿತು. ತೋಳಿಗೆ ಬರುವಷ್ಟರಲ್ಲಿ ಉಲನ್ನೇ ಮುಗಿಯಿತು. ಅಂಗಡಿಯಲ್ಲಿ ಕೇಳಿದರೆ ಆ ಲಾಟ್ ಇಲ್ಲ, ಹೊಸ ಲಾಟ್ ಇದೆ. ತಂದು ನೋಡಿದರೆ ಮೈ ಬೂದಿ, ತೋಳು ಕೆಂಡ ಆರಿದ ಬೂದಿ. ಉಪಸಮಿತಿ ತಿರಸ್ಕರಿಸಿತು.

ನನಗೇನೂ ಆಶ್ಚರ್ಯವಾಗಲಿಲ್ಲ, ನಾವು ಬಾಳುತ್ತಿರುವ ಬೀದರ್ ಜಿಲ್ಲೆಯೇ ತೋಳಿಲ್ಲದ್ದು. 1956ರ ನವೆಂಬರ್ 1ರಂದು ದಿಲ್ಲಿಯ ದರ್ಜಿಗಳು ಭಾಷೆಗೆ ಮ್ಯಾಚ್ ಮಾಡಲೆಂದು ಕತ್ತರಿ ಹಿಡಿದರು. ಅಹಮದಪುರ, ನಿಲಂಗಾ, ಉದಗೀರ ಒಂದು ತೋಳಾಗಿ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಇನ್ನೊಂದು ತೋಳಾಗಿ ಆಂಧ್ರಕ್ಕೆ. ಉಳಿದ ಮುಂಡ ಮೈಸೂರಿಗೆ ಬಂತು. ಇಷ್ಟಾಗಿಯೂ ಬಣ್ಣ ಹೊಂದಿತೇ? ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಪ್ ಚಹಾ ಮುಗಿಯುವುದರೊಳಗೆ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಲೇಬಲ್ ಬಿಚ್ಚಿ ಕಲ್ಯಾಣ ಕರ್ನಾಟಕ ಎಂದು ಹೊಲಿದರು. ಅಂಗಿ ಮಾತ್ರ ಅದೇ, ಗುಂಡಿ ಹರಿದದ್ದೂ ಅಲ್ಲೇ.

ಶಿವರಾತ್ರಿಯ ಹಿಂದಿನ ದಿನ ಸ್ವೆಟರ್ ಲೋಕಾರ್ಪಣೆಗೊಂಡಿತು. ಹಾಫ್ ಸ್ವೆಟರ್. ಶಿವ ಶಿವ ಎನ್ನುತ್ತ ಚಳಿ ಹೊರಟು ನಿಂತಿತ್ತು. ಗುಲಾಬಿ ಅಂಗಿಯ ಮೇಲೆ ತೊಟ್ಟು ಕನ್ನಡಿ ನೋಡಿಕೊಂಡೆ: ಮೈ ಬೂದಿ, ತೋಳೆರಡೂ ಗುಲಾಬಿ. ಹಸಿರಿನ ಮೇಲೆ ತೊಟ್ಟರೆ ತೋಳೆರಡೂ ಗಿಳಿ. ತೋಳಿಲ್ಲದ್ದರಿಂದ ಇಪ್ಪತ್ತೆಂಟು ಅಂಗಿಯೂ ಮೊದಲಿಗಿಂತ ಎದ್ದು ಕಾಣತೊಡಗಿದವು. “ನೋಡ್ರಿ, ಎಲ್ಲದಕ್ಕೂ ಆಯ್ತಲ್ಲ” ಎಂದರು ಮನೆಯವರು. ನಾನು ಬೆವರು ಒರೆಸಿಕೊಂಡೆ.

ಮುಂದಿನ ಚಳಿಗೆ ತೋಳು ಹಾಕುವ ಕಾಮಗಾರಿ ಪ್ರಸ್ತಾವನೆಯಲ್ಲಿದೆ. ಅಷ್ಟರೊಳಗೆ ನಿಮ್ಮ ಮನೆಯಲ್ಲಿ ಮದುವೆಯಿದ್ದರೆ ಕರೆಯಿರಿ, ಬಂದು ಅಕ್ಷತೆ ಹಾಕಿ ಉಂಡು ಹೋಗುತ್ತೇನೆ. ಆಯೇರಿ ಬೇಡ. ಮಾಡಿಯೇ ತೀರುತ್ತೇವೆಂದರೆ ಬೂದಿ ಬಣ್ಣದ ಉಲನ್ ಒಂದು ಪಾವು ಕಿಲೋ ಕೊಡಿ. ಲಾಟ್ ನಂಬರ್ ನಮ್ಮ ಮನೆಯವರ ಹತ್ತಿರ ಇದೆ.