ಕಪ್ಪು ಲಗ್ನಪತ್ರಿಕೆ

ನನ್ನ ಲ್ಯಾಪ್‌ಟಾಪಿನ ಪರದೆಯ ಬಲಮೂಲೆಯಲ್ಲಿ ಬಹಳ ವರ್ಷ ಎರಡು ಕಣ್ಣುಗಳಿದ್ದವು. ಆ ಪ್ರೋಗ್ರಾಮಿನ ಹೆಸರು ‘ಎಕ್ಸ್‌ಐಸ್’. ಮೌಸಿನ ಬಾಣ ಹೋದ ಕಡೆಗೆಲ್ಲ ಗುಡ್ಡೆ ತಿರುಗಿಸುವುದು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ. ನನ್ನ ಹೆಂಡತಿಗೆ ಅದನ್ನು ಕಂಡರಾಗದು. ‘ರೀ, ಮೊದಲು ಅದನ್ನ ಮುಚ್ರೀ. ನಾನು ಕರೆಂಟ್ ಬಿಲ್ ಕಟ್ತಿದ್ರೆ ಪಕ್ಕದ್ಮನೆ ಅಜ್ಜಿ ಥರ ಇಣುಕಿ ನೋಡ್ತಿರತ್ತೆ’ ಎನ್ನುತ್ತಿದ್ದಳು. ಬರೀ ಬೊಂಬೆ ಕಣೇ ಎಂದು ನಾನು ನಗುತ್ತಿದ್ದೆ. ಅವಳ ಗುಮಾನಿಯಲ್ಲಿ ಹುರುಳಿದೆ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಲಿನಕ್ಸ್ ಬಳಸುವವರ ಮನೆಯಲ್ಲಿ ಪರದೆ, ಕೀಲಿಮಣೆ, ಮೌಸು ಈ ಮೂರರ ಯಜಮಾನಿಕೆ ಒಬ್ಬನ ಕೈಯಲ್ಲಿರುತ್ತದೆ. ಅವನಿಗೆ ಡಿಸ್‌ಪ್ಲೇ ಸರ್ವರ್ ಎನ್ನುತ್ತಾರೆ. ಯಾವ ಪ್ರೋಗ್ರಾಮಿಗಾದರೂ ಪರದೆಯ ಮೇಲೆ ಅಂಗೈಯಗಲ ಜಾಗ ಬೇಕಾದರೆ ಅವನನ್ನೇ ಕೇಳಬೇಕು. ಹಲವು ದಶಕ ಈ ಚಾಕರಿ ಮಾಡಿದ್ದು ‘ಎಕ್ಸ್’. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಅದಕ್ಕೂ ಮುಂಚೆ ‘ವಿ’ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ‘ಡಬ್ಲ್ಯು’ ಎಂಬ ವಿಂಡೋ ವ್ಯವಸ್ಥೆ ಇತ್ತು. ಮುಂದಿನ ಅಕ್ಷರ ಎಕ್ಸ್, ನಾಮಕರಣ ಅಷ್ಟಕ್ಕೇ ಮುಗಿಯಿತು. ಹನ್ನೊಂದನೆಯ ಆವೃತ್ತಿ ಬಂದದ್ದು 1987ರ ಸೆಪ್ಟೆಂಬರಿನಲ್ಲಿ. ಹನ್ನೆರಡನೆಯದು ಬರಲೇ ಇಲ್ಲ. ಹನ್ನೊಂದಕ್ಕೇ ಗೋಡೆ ಒಡೆದು, ಮಹಡಿ ಏರಿಸಿ, ಸೋರುವಲ್ಲಿ ತಗಡು ಹೊದಿಸಿ ಸಂಸಾರ ಸಾಗಿಸಿಕೊಂಡು ಬಂದರು.

ಒಳಗೆ ಹೊಕ್ಕು ನೋಡಿದರೆ ಅದು ಅಪ್ಪಟ ವಠಾರ. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ, ಸೂರು ಮುಟ್ಟದ ಗೋಡೆಗಳು. ನಮ್ಮ ಕುಕ್ಕರಿನ ಸೀಟಿ ಎಣಿಸಿ ‘ಇವತ್ತು ನಿಮ್ಮನೇಲಿ ಬೇಳೆ ಬೆಂದಿಲ್ಲ’ ಎಂದು ಮೂರನೇ ಮನೆಯವರು ಹೇಳುತ್ತಿದ್ದರು. ಎಕ್ಸ್‌ನಲ್ಲೂ ಹಾಗೆಯೇ. ಒಂದು ರಾತ್ರಿ ಟರ್ಮಿನಲ್ಲಿನಲ್ಲಿ ‘ಎಕ್ಸ್‌ಇನ್‌ಪುಟ್ ಟೆಸ್ಟ್’ ಎಂಬ ಆಜ್ಞೆ ಕೊಟ್ಟು, ಅದನ್ನು ಪಕ್ಕಕ್ಕೆ ಸರಿಸಿ, ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹೊಡೆದೆ. ಬ್ರೌಸರಿನಲ್ಲಿ ಸಭ್ಯ ಚುಕ್ಕಿಗಳು ಬಿದ್ದವು. ಪಕ್ಕದ ಟರ್ಮಿನಲ್ಲಿನಲ್ಲಿ ‘ಕೀ ಪ್ರೆಸ್ 38’, ‘ಕೀ ರಿಲೀಸ್ 38’ ಎಂದು ಸಾಲು ಸಾಲು ಇಳಿಯತೊಡಗಿತು. 38 ಅಂದರೆ ‘ಎ’ ಕೀಲಿ. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ‘ನಾನು ಬಡ್ಕೊಂಡಾಗ ಬೊಂಬೆ ಅಂದ್ರಲ್ಲ’ ಎಂದು ಅಡುಗೆಮನೆಗೆ ಹೋದಳು.

ಈ ವಠಾರದ ಒಳಹೊರಗು ಬಲ್ಲ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಎಂಬಾತ 2008ರಲ್ಲಿ, ಇನ್ನು ತೇಪೆ ಸಾಕೆಂದು, ಹೊಸದನ್ನು ಕಟ್ಟಲು ಕೂತ. ಮ್ಯಾಸಚೂಸೆಟ್ಸಿನ ವೇಲ್ಯಾಂಡ್ ಎಂಬ ಊರಿನ ಮೂಲಕ ಕಾರು ಓಡಿಸಿಕೊಂಡು ಹೋಗುವಾಗ ಅದರ ಹಂಚಿಕೆ ಹೊಳೆಯಿತಂತೆ. ಊರಿನ ಹೆಸರನ್ನೇ ಇಟ್ಟ. ನನಗೂ ಬೆಂಗಳೂರು ದಾರಿಯಲ್ಲಿ ಮದ್ದೂರು ಬಂದಾಗ ಏನಾದರೊಂದು ಹೊಳೆಯುತ್ತದೆ, ಆದರೆ ಅದಕ್ಕೆ ವಡೆ ಎಂದು ಆಗಲೇ ಹೆಸರಿದೆ. ವೇಲ್ಯಾಂಡ್ ಎಂಬುದು ಮಾತುಕತೆಯ ಕಟ್ಟಳೆ ಮಾತ್ರ. ಅದನ್ನು ಪಾಲಿಸುವ ಮೊದಲ ಮಾದರಿ ಸರ್ವರಿಗೆ ಪಕ್ಕದೂರಿನ ಹೆಸರು, ವೆಸ್ಟನ್. ವೇಲ್ಯಾಂಡ್ 1.0 ಎಂಬ ಮುದ್ರೆ ಬಿದ್ದದ್ದು 2012ರ ಅಕ್ಟೋಬರಿನಲ್ಲಿ. ಮರುವರ್ಷ ಒಂದು ಭಾನುವಾರ, ಅಭ್ಯಂಜನವನ್ನೂ ಮುಂದೂಡಿ, ನಾನು ವೆಸ್ಟನ್ ಹಾಕಿಕೊಂಡೆ.

ಮೇಲೊಂದು ಪಟ್ಟಿ, ಅದರ ಎಡಕ್ಕೆ ಟರ್ಮಿನಲ್ಲಿನ ಪುಟ್ಟ ಚಿತ್ರ, ಬಲಕ್ಕೆ ಗಡಿಯಾರ. ಹೊಸ ಫ್ಲ್ಯಾಟಿನ ಬೀಗ ತೆಗೆದಾಗ ಕಾಣುವಷ್ಟೇ ಸಾಮಾನು. ಜೊತೆಗೆ ಬಂದಿದ್ದ ಒಂದು ಪ್ರೋಗ್ರಾಮ್ ಹೂವು ಬಿಡಿಸುತ್ತಿತ್ತು, ಇನ್ನೊಂದು ಹೊಗೆ ಬಿಡುತ್ತಿತ್ತು. ಗೃಹಪ್ರವೇಶಕ್ಕೆ ಎರಡೂ ಬೇಕು ಎಂದುಕೊಂಡೆ. ಆದರೆ ನನ್ನನ್ನು ಮರುಳು ಮಾಡಿದ್ದು ಬೇರೆಯೇ: ಸೂಪರ್ ಕೀಲಿ ಹಿಡಿದು ಮೌಸಿನ ಗುಂಡಿ ಒತ್ತಿ ಎಳೆದರೆ ವಿಂಡೋ ನಿಂತಲ್ಲೇ ವಾಲುತ್ತದೆ. ಮೊಳೆ ಸಡಿಲಾದ ತಾತನ ಫೋಟೊದಂತೆ ಸೊಟ್ಟಗೆ ನೇತಾಡುತ್ತ, ಒಳಗಿನ ಕೆಲಸವನ್ನು ಮಾತ್ರ ನಿಲ್ಲಿಸದೆ ಮಾಡುತ್ತಿರುತ್ತದೆ. ಇದರಿಂದ ಯಾರಿಗೇನು ಪ್ರಯೋಜನ ಎಂದು ಕೇಳಬೇಡಿ. ಅರ್ಧ ಗಂಟೆ ಸೊಟ್ಟ ಟರ್ಮಿನಲ್ಲಿನಲ್ಲೇ ಟೈಪು ಮಾಡಿದೆ. ಕಾಫಿ ತಂದವಳು ನನ್ನ ವಾಲಿದ ತಲೆ ನೋಡಿ, ‘ಕತ್ತು ಹಿಡ್ಕೊಂಡಿದ್ಯಾ? ಎಣ್ಣೆ ಬಿಸಿ ಮಾಡ್ಲಾ?’ ಎಂದಳು.

ಆಮೇಲೆ ಕನ್ನಡದ ಹುಚ್ಚು ಕೆರಳಿತು. ಕಗಪ ಕೀಲಿಮಣೆಯ ವಿನ್ಯಾಸ ಲಿನಕ್ಸಿನ ಪಟ್ಟಿಯಲ್ಲೇ ಇದೆ. ವೆಸ್ಟನ್ನಿನ ಸೆಟ್ಟಿಂಗ್ ಕಡತದಲ್ಲಿ ಅದೊಂದನ್ನೇ ಬರೆದು, ಇಂಗ್ಲಿಷನ್ನು ಹೊರಗಟ್ಟಿದ ಹೆಮ್ಮೆಯಲ್ಲಿ ಮತ್ತೆ ಶುರುಮಾಡಿದೆ. ಕಡತಗಳ ಪಟ್ಟಿ ನೋಡಲು ‘ಎಲ್ ಎಸ್’ ಹೊಡೆದರೆ ‘ಲಸ’ ಎಂದು ಮೂಡಿತು. ಅಂಥ ಆಜ್ಞೆ ಇಲ್ಲ ಎಂದಿತು ಟರ್ಮಿನಲ್. ಸೆಟ್ಟಿಂಗ್ ತಿದ್ದಬೇಕು, ತಿದ್ದುವ ಪ್ರೋಗ್ರಾಮಿನ ಹೆಸರು ಇಂಗ್ಲಿಷಿನಲ್ಲಿದೆ, ಇಂಗ್ಲಿಷ್ ಅಕ್ಷರ ಮೂಡಬೇಕಾದರೆ ಸೆಟ್ಟಿಂಗ್ ತಿದ್ದಬೇಕು. ಕನ್ನಡಕ್ಕಾಗಿ ಇಷ್ಟು ನಿಷ್ಠೆಯಿಂದ ಹೋರಾಡಿ ಇಷ್ಟು ಪರಿಪೂರ್ಣವಾಗಿ ಮೂಕನಾದವನು ನಾನೊಬ್ಬನೇ ಇರಬೇಕು. ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿ ವೆಸ್ಟನ್ನಿನ ಕತ್ತು ಹಿಸುಕಿ ಹೊರಬಂದೆ.

ಅದೇ ವರ್ಷ ಉಬುಂಟುವಿನ ಕ್ಯಾನೊನಿಕಲ್ ಸಂಸ್ಥೆ ‘ಮಿರ್’ ಎಂಬ ತನ್ನದೇ ಸರ್ವರನ್ನು ಘೋಷಿಸಿತು. ವಠಾರದವರು ಗಂಟುಮೂಟೆ ಕಟ್ಟುವ ಮೊದಲೇ ಇಬ್ಬರು ಬಿಲ್ಡರುಗಳು ಗೇಟಿನಲ್ಲಿ ನಿಂತಂತಾಯಿತು. ನಾಲ್ಕು ವರ್ಷ ಜಗಳ ನೋಡಲು ಚೆನ್ನಾಗಿತ್ತು; 2017ರಲ್ಲಿ ಡೆಸ್ಕ್‌ಟಾಪಿನ ಮಟ್ಟಿಗೆ ಮಿರ್ ಕನಸು ಮಡಚಿತು. ಅಷ್ಟರಲ್ಲಿ, 2016ರಲ್ಲೇ, ಫೆಡೊರಾ ಲಿನಕ್ಸಿನ 25ನೇ ಆವೃತ್ತಿ ವೇಲ್ಯಾಂಡನ್ನು ಮೊದಲ ಆಯ್ಕೆಯಾಗಿ ಇಟ್ಟಾಗಿತ್ತು. ನಾನೂ ಒಂದು ದಿನ ನನ್ನ ಪಂಚಾಂಗ ನೋಡಿಕೊಂಡು ಅತ್ತ ಹೊರಳಿದೆ.

ಹೊರಳಿದ ದಿನ ಕಣ್ಣುಗಳು ಸತ್ತವು. ಬಾಣ ಎಲ್ಲಿ ಹೋದರೂ ಗುಡ್ಡೆ ಅಲ್ಲಾಡದು. ವೇಲ್ಯಾಂಡಿನಲ್ಲಿ ಒಂದು ಪ್ರೋಗ್ರಾಮಿಗೆ ಇನ್ನೊಂದರ ಮನೆ ಕಾಣುವುದಿಲ್ಲ, ಕೀಲಿಯ ಸದ್ದು ಕೇಳುವುದಿಲ್ಲ. ಹಳೆಯ ಪ್ರೋಗ್ರಾಮುಗಳಿಗೆಂದು ಒಳಗೇ ಒಂದು ಪುಟ್ಟ ಎಕ್ಸ್ ಸರ್ವರ್ ಇಟ್ಟಿರುತ್ತಾರೆ, ಎಕ್ಸ್‌ವೇಲ್ಯಾಂಡ್ ಎಂದು. ಅದರಲ್ಲಿ ಓಡುವ ವಿಂಡೋ ಮೇಲೆ ಬಾಣ ಬಂದರೆ ಮಾತ್ರ ಕಣ್ಣುಗಳಿಗೆ ಜೀವ ಬರುತ್ತದೆ. ಪೊರೆ ಬಂದ ನಮ್ಮಜ್ಜಿಯೂ ಹೀಗೆಯೇ ಇದ್ದಳು. ಮೊಮ್ಮಕ್ಕಳ ಗುರುತು ಸಿಗದು, ಊರಿನವರು ಯಾರಾದರೂ ಬಂದರೆ ಹೊಸಿಲಿನಲ್ಲೇ ಹೆಸರು ಹಿಡಿದು ಕರೆಯುತ್ತಿದ್ದಳು. ಯಾವ ಪ್ರೋಗ್ರಾಮ್ ಹೊಸದು, ಯಾವುದು ವಠಾರದ್ದು ಎಂದು ಕಂಡುಹಿಡಿಯಲು ಇವತ್ತಿಗೂ ಆ ಕಣ್ಣುಗಳೇ ನನ್ನ ಸಾಧನ.

2021ರಲ್ಲಿ ಮಗಳ ಮದುವೆ ಗೊತ್ತಾಯಿತು. ಕೊರೊನಾ ಕಾಲ, ಇಂತಿಷ್ಟೇ ಜನ ಎಂಬ ಲೆಕ್ಕ. ಲಗ್ನಪತ್ರಿಕೆಯ ಕರಡನ್ನು ಶಿವಮೊಗ್ಗದ ಅಕ್ಕ, ಭಾವನಿಗೆ ವಿಡಿಯೊ ಕರೆಯಲ್ಲೇ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಕರೆ ಸೇರಿತು. ‘ಸ್ಕ್ರೀನ್ ಶೇರ್’ ಒತ್ತಿ, ‘ಕಾಣ್ತಿದ್ಯಾ ಅಕ್ಕ?’ ಎಂದೆ.

‘ಏನೋ ಇದು, ಬರೀ ಕಪ್ಪು?’

‘ಗಣಪತಿ ಚಿತ್ರ ಇದೆ ನೋಡು, ಮೇಲ್ಗಡೆ.’

‘ಗಣಪತೀನೂ ಇಲ್ಲ, ಗೌರೀನೂ ಇಲ್ಲ. ಲಗ್ನಪತ್ರಿಕೆ ತೋರಿಸೋ ಅಂದ್ರೆ ಕಪ್ಪು ತೋರಿಸ್ತೀಯಲ್ಲೋ! ಶುಭಕಾರ್ಯದ ಹೊತ್ತಿಗೆ!’

ಹಿಂದಿನಿಂದ ಭಾವ, ‘ಅವರ ಮನೇಲಿ ಕರೆಂಟ್ ಹೋಗಿರಬೇಕು ಕಣೆ’ ಎಂದರು. ಆಗಿದ್ದಿಷ್ಟೇ. ಆ ಕರೆಯ ಪ್ರೋಗ್ರಾಮ್ ಹಳೇ ಪದ್ಧತಿಯಲ್ಲಿ ಪರದೆಯನ್ನು ತಾನೇ ನಕಲು ಮಾಡಿಕೊಳ್ಳಲು ಹೋಗಿತ್ತು. ವೇಲ್ಯಾಂಡಿನಲ್ಲಿ ಪರದೆ ಬೇಕಾದರೆ ಪೋರ್ಟಲ್ ಎಂಬ ಬಾಗಿಲಲ್ಲಿ ಅರ್ಜಿ ಹಾಕಬೇಕು, ಯಾವ ವಿಂಡೋ ಎಂದು ಬಳಸುವವನು ಆರಿಸಿಕೊಡಬೇಕು, ಪೈಪ್‌ವೈರ್ ಎಂಬ ಕೊಳವೆಯಲ್ಲಿ ಚಿತ್ರ ಹರಿದು ಹೋಗಬೇಕು. ಅರ್ಜಿ ಹಾಕಲು ಬಾರದವರಿಗೆ ಕತ್ತಲೆ. ಇದನ್ನು ಅಕ್ಕನಿಗೆ ವಿವರಿಸುವುದಕ್ಕಿಂತ ಲಾಗೌಟ್ ಆಗಿ, ಲಾಗಿನ್ ಪರದೆಯ ಹಲ್ಲುಚಕ್ರ ಒತ್ತಿ, ಹಳೇ ಎಕ್ಸ್‌ಗೆ ಮರಳುವುದೇ ಸುಲಭ ಎನ್ನಿಸಿತು. ಎರಡೇ ನಿಮಿಷದಲ್ಲಿ ವಠಾರಕ್ಕೆ ವಾಪಸಾದೆ. ಇಡೀ ಪರದೆಯನ್ನೇ ಹಂಚಿದೆ.

‘ಹ್ಞಾ, ಈಗ ಕಾಣ್ತಿದೆ’ ಎಂದಳು ಅಕ್ಕ. ಒಂದು ಕ್ಷಣ ಮೌನ. ‘ಪಕ್ಕದಲ್ಲಿ ಅದೇನೋ ಪಟ್ಟಿ?’

ಪಕ್ಕದಲ್ಲಿದ್ದದ್ದು ನಾನೂ ಹೆಂಡತಿಯೂ ಹಿಂದಿನ ರಾತ್ರಿ ಕೂತು ತಯಾರಿಸಿದ್ದ ಕರೆಯಬೇಕಾದವರ ಪಟ್ಟಿ. ಹದಿನಾಲ್ಕನೆಯ ಸಾಲಿನಲ್ಲಿ ಭಾವನ ತಮ್ಮನ ಹೆಸರು, ಅದರ ಮುಂದೆ ‘ಕರೀಲೇಬೇಕಾ?’ ಎಂದು ಬರೆದು ಎರಡು ಪ್ರಶ್ನೆ ಚಿಹ್ನೆ. ಒಂದು ನನ್ನದು, ಇನ್ನೊಂದು ಅವಳದು. ಮುಚ್ಚಲು ಹೋದೆ, ಭಾವ ಕನ್ನಡಕ ಹಾಕಿಕೊಂಡಾಗಿತ್ತು.

ಅವತ್ತೇ ಸಂಜೆ ವೇಲ್ಯಾಂಡಿಗೆ ಮರಳಿದವನು ಮತ್ತೆ ಅಲುಗಿಲ್ಲ. ಇಲ್ಲೂ ಕಷ್ಟವಿದೆ. ವಠಾರದಲ್ಲಿ ವಿಂಡೋ ಮ್ಯಾನೇಜರ್ ಎಂಬ ಮೇಸ್ತ್ರಿ ಮಗುಚಿ ಬಿದ್ದರೂ ಮನೆಗಳು ನಿಂತಿರುತ್ತಿದ್ದವು. ಇಲ್ಲಿ ಮೇಸ್ತ್ರಿ, ಸರ್ವರ್ ಎರಡೂ ಒಬ್ಬನೇ. ಅವನು ಬಿದ್ದರೆ ನನ್ನ ಡೆಸ್ಕ್‌ಟಾಪಿನಲ್ಲಿ ತೆರೆದಿದ್ದೆಲ್ಲ ಹೋಯಿತು. ನೀವೂ ಪ್ರಯೋಗ ಮಾಡುವವರಾದರೆ, ಕಂಟ್ರೋಲ್ ಆಲ್ಟ್ ಎಫ್3 ಒತ್ತಿದರೆ ಕಪ್ಪು ಟರ್ಮಿನಲ್ ಸಿಗುತ್ತದೆ ಎಂಬುದನ್ನು ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಬರೆದಿಡಿ. ಕಂಪ್ಯೂಟರಿನಲ್ಲೇ ಬರೆದಿಟ್ಟುಕೊಂಡ ಜಾಣತನ ನಾನು ಒಮ್ಮೆ ಮಾಡಿದ್ದೇನೆ.

ಭಾವನ ತಮ್ಮ ಮದುವೆಗೆ ಬಂದರು. ಸಂಸಾರ ಸಮೇತ, ಐದು ಜನ.