ಅಕ್ಷಾಂಶ–ರೇಖಾಂಶ ಪೌರ್ವಾಪರ್ಯ ವಿಚಾರ

'ಇಂಪೋರ್ಟ್ ಫೋಲಿಯಂ' ಎಂಬುದು ಮಂಗಳಶ್ಲೋಕ. ಪೈಥಾನಿನಲ್ಲಿ ನಕ್ಷೆ ಬರೆಯುವವರು ನಿರ್ವಿಘ್ನ ಪರಿಸಮಾಪ್ತಿಗಾಗಿ ಇದನ್ನು ಮೊದಲ ಸಾಲಿನಲ್ಲೇ ಪಠಿಸುತ್ತಾರೆ. ವಿಘ್ನ ಬಂದರೆ ದೋಷ ಪಠಿಸಿದವನದು, ಶ್ಲೋಕದ್ದಲ್ಲ.

ಪ್ರಕೃತ ವಿಷಯ: ತಂಗಿಯ ಮದುವೆಗೆ ಕರೆಯಬೇಕಾದ ತೀರ್ಥಹಳ್ಳಿ ಸೀಮೆಯ 43 ಮನೆಗಳು. ಚಿಕ್ಕಪ್ಪ ಲಗ್ನಪತ್ರಿಕೆ ಹಿಡಿದು ಹೊರಟು, ಒಂದೇ ಹಳ್ಳವನ್ನು ಮೂರು ಸಲ ದಾಟಿ, ಕೊನೆಗೂ ಒಂದು ಮನೆ ಮರೆತು, ಆ ಮನೆಯವರು ಮುನಿಸಿಕೊಳ್ಳುವುದು ನಮ್ಮಲ್ಲಿ ಪರಂಪರೆ. ಅದನ್ನು ಮುರಿಯಲು ನಾನು ನಕ್ಷೆ ಮಾಡಹೊರಟೆ.

ಮೊದಲಿಗೆ, ಮನೆಗಳ ಜಾಗ, ಹೆಸರು ತುಂಬಿಡಲು ಶೇಪ್‌ಫೈಲ್. ಹೆಸರು ಏಕವಚನವಾದರೂ ಇದು ಅವಿಭಕ್ತ ಕುಟುಂಬ. ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್ ಮೂವರೂ ಒಟ್ಟಿಗೇ ಹೊರಡಬೇಕು. ಡಿಬಿಎಫ್ ಹಿಂದೆ ಉಳಿದರೆ ಚುಕ್ಕೆಗಳು ಬಂದಾವು, ಹೆಸರುಗಳು ಬಾರವು. ಕಾಲಮ್ಮಿನ ತಲೆಬರಹಕ್ಕಂತೂ ಹತ್ತೇ ಬೈಟ್ ಜಾಗ, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್ ನುಂಗುತ್ತದೆ. 'ಮನೆಯಜಮಾನ' ಎಂದು ಬರೆದಿದ್ದೆ. 'ಮನೆ' ಉಳಿಯಿತು, ಯಜಮಾನ ಹೋದ. ಸೀಮೆಯ ಹಲವು ಮನೆಗಳ ವಸ್ತುಸ್ಥಿತಿಯೂ ಇದೇ ಎಂಬುದು ಚಿಕ್ಕಮ್ಮನ ವ್ಯಾಖ್ಯಾನ.

ಆದಕಾರಣ ಜಿಯೋಜೇಸನ್‌ಗೆ ಮತಾಂತರಗೊಂಡೆ. ಶಾಸ್ತ್ರ ಕಠಿಣವಾಗುವುದು ಇಲ್ಲಿಂದ. 2016ರ ಆರ್‌ಎಫ್‌ಸಿ 7946 ಎಂಬ ಸ್ಮೃತಿಯ ಪ್ರಕಾರ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. 2011ರಲ್ಲಿ ವೊಲೊದಿಮಿರ್ ಅಗಾಫೋನ್ಕಿನ್ ಹೊರತಂದ ಲೀಫ್‌ಲೆಟ್ ಎಂಬ ನಕ್ಷೆ ಲೈಬ್ರರಿಯ ಪಂಥದಲ್ಲಿ ಅಕ್ಷಾಂಶಕ್ಕೇ ಅಗ್ರಪೂಜೆ; ಫೋಲಿಯಂ ಅದೇ ಮಠದ ಶಿಷ್ಯ. ಎಲೆಗೆ ಮೊದಲು ಏನು ಬಡಿಸಬೇಕೆಂದು ಎರಡು ಊರಿನವರು ಜಗಳವಾಡಿದರೂ ಊಟ ಹೋಗುವುದು ಹೊಟ್ಟೆಗೇ. ಇಲ್ಲಿ ಹಾಗಲ್ಲ. ತೀರ್ಥಹಳ್ಳಿ ಇರುವುದು ಉತ್ತರ ಅಕ್ಷಾಂಶ 13.69, ಪೂರ್ವ ರೇಖಾಂಶ 75.24ರ ಸುಮಾರಿಗೆ. ನಾನು ಜಿಯೋಜೇಸನ್ನಿನ ಜೋಡಿಗಳನ್ನು ಕಿತ್ತು, ತಿರುಗಿಸದೆ, ಫೋಲಿಯಂ ಮಾರ್ಕರ್‌ಗಳಿಗೆ ಕೊಟ್ಟೆ. 43 ಮನೆಗಳೂ ಅಡಿಕೆ ತೋಟ ಸಮೇತ ನಾರ್ವೆಗೂ ಸ್ವಾಲ್‌ಬಾರ್ಡ್‌ಗೂ ನಡುವಿನ ಕಡಲಲ್ಲಿ ಹೋಗಿ ಬಿದ್ದವು. ಅತ್ತ ಕಡೆಯೆಲ್ಲ ಹಿಮ ಎಂದು ಚಿಕ್ಕಪ್ಪನಿಗೆ ವಿವರಿಸಿದೆ.

"ಎಂಥದಾ ಮಾರಾಯ ಇದು? ದೋಣಿಯಲ್ಲಿ ಹೋಗಿ ಕರೀಬೇಕಾ?" ಎಂದರು ಚಿಕ್ಕಪ್ಪ. ಇದು ಪೂರ್ವಪಕ್ಷ. ಜೋಡಿಗಳನ್ನು ಅದಲುಬದಲು ಮಾಡಿದ್ದು ಸಿದ್ಧಾಂತ.

ಕಡೆಯ ಸಾಲು 'ಸೇವ್', ಅದೇ ಫಲಶ್ರುತಿ. ನಕ್ಷೆಯೆಲ್ಲ ಒಂದೇ ಎಚ್‌ಟಿಎಂಎಲ್ ಫೈಲಾಗಿ ಇಳಿಯುತ್ತದೆ. ವಾಟ್ಸಾಪಿನಲ್ಲಿ ಕಳಿಸಬಹುದು, ಬೆರಳಲ್ಲಿ ಎಳೆದು ಹಿಗ್ಗಿಸಬಹುದು. ಚುಕ್ಕೆ ಮುಟ್ಟಿದರೆ ಯಜಮಾನರ ಹೆಸರು ಮೇಲೇಳುತ್ತದೆ. ಆದರೆ ಫೈಲಿನೊಳಗೆ ಇರುವುದು ನಮ್ಮ ಚುಕ್ಕೆಗಳು ಮತ್ತು ಒಂದಿಷ್ಟು ಅಪ್ಪಣೆಗಳು ಮಾತ್ರ. ಓಡಿಸುವ ಲೀಫ್‌ಲೆಟ್ಟೂ, ಅಡಿಯಲ್ಲಿ ಹಾಸುವ ಓಪನ್‌ಸ್ಟ್ರೀಟ್‌ಮ್ಯಾಪಿನ ಚೌಕಗಳೂ ತೆರೆದ ಗಳಿಗೆಯಲ್ಲೇ ಇಂಟರ್‌ನೆಟ್ಟಿನಿಂದ ಬರಬೇಕು. ಈ ಸೂಕ್ಷ್ಮ ನನಗೆ ಹೊಳೆದದ್ದು, ಚಿಕ್ಕಪ್ಪ ನೆಟ್‌ವರ್ಕ್ ಇಲ್ಲದ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ನಕ್ಷೆ ತೆರೆದ ದಿನ. ಪರದೆ ಪೂರ್ತಿ ಬಿಳಿ; ನಿರ್ಗುಣ, ನಿರಾಕಾರ.

ಸಂಜೆ ಯಾರದೋ ಮನೆಯ ಲ್ಯಾಂಡ್‌ಲೈನಿನಿಂದ ಫೋನು ಬಂತು.

"ಮನೆಗಳು ಇನ್ನೂ ವಾಪಸ್ ಬರ್ಲಿಲ್ಲನಾ? ಬರೀ ಹಿಮ ಕಾಣ್ತದೆ."