ರಿಕ್ಥಶೇಷಮೀಮಾಂಸೆ: ಪ್ರಥಮ ಪ್ರಕರಣ

ದಾಯವಿಭಾಗದ ವಿಷಯದಲ್ಲಿ ಕನ್ನಡನಾಡಿಗೆ ಪ್ರಾಚೀನ ಪ್ರತಿಷ್ಠೆಯಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಭರತಖಂಡದ ಬಹುಭಾಗದಲ್ಲಿ ಪಾಲುಪಟ್ಟಿಗೆ ಪ್ರಮಾಣವಾಯಿತು. ಆತನು ದಾಯವನ್ನು ಎರಡಾಗಿ ವಿಂಗಡಿಸಿದನು. ತಂದೆ, ಅಜ್ಜಂದಿರ ಸೊತ್ತು ಅಪ್ರತಿಬಂಧ. ಸಂತಾನವಿಲ್ಲದ ಚಿಕ್ಕಪ್ಪ, ದೊಡ್ಡಪ್ಪಂದಿರ ಸೊತ್ತು ಸಪ್ರತಿಬಂಧ. ಮನೆ, ಹೊಲ, ಒಡವೆಗಳ ಮಟ್ಟಿಗೆ ಇಷ್ಟು ವಿವೇಚನೆ ಸಾಕು. ಆದರೆ ದೊಡ್ಡಪ್ಪನ ಬೀರುವಿನ ಕೆಳಖಾನೆಯನ್ನು ಎಳೆದಾಗ ಎದುರಾಗುವ ದ್ರವ್ಯಗಳ ಬಗ್ಗೆ ಆಚಾರ್ಯನು ಮೌನವಾಗಿದ್ದಾನೆ. ಆ ನ್ಯೂನತೆಯ ಪರಿಹಾರಾರ್ಥವಾಗಿ ಪ್ರಕೃತ ಶಾಸ್ತ್ರವು ಆರಂಭಿಸಲ್ಪಡುತ್ತದೆ.

ಶಾಸ್ತ್ರಕಾರರ ವಾಡಿಕೆಯಂತೆ ಮೃತನನ್ನು ದೇವದತ್ತನೆನ್ನೋಣ. ಅವನು ಮೈಸೂರಿನ ಹಳೆಯ ಬಡಾವಣೆಯೊಂದರ ನಿವಾಸಿ, ನಿವೃತ್ತ, ಅವಿವಾಹಿತ, ಉಯಿಲು ಬರೆಯದವನು. ಒಡಹುಟ್ಟಿದವರು ಮೊದಲೇ ತೀರಿಕೊಂಡಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಎರಡನೆಯ ವರ್ಗದ ಪ್ರಕಾರ ತಮ್ಮನ ಮಕ್ಕಳಾದ ಯಜ್ಞದತ್ತ, ವಿಷ್ಣುಮಿತ್ರರೂ ತಂಗಿಯ ಮಗಳೂ ಸಮಾನ ದಾಯಾದಿಗಳು. ವಂಶವೃಕ್ಷವಾಗಿದೆ, ಮನೆಯ ಖಾತೆ ಬದಲಾಗಿದೆ. ಲೌಕಿಕರು ಇಲ್ಲಿಗೆ ವ್ಯವಹಾರ ಮುಗಿಯಿತೆನ್ನುತ್ತಾರೆ. ಶಾಸ್ತ್ರವು ಇಲ್ಲಿಂದಲೇ ಶುರು.

ಲಕ್ಷಣ: ಯಾವ ದ್ರವ್ಯವು (ಅ) ವಿಭಾಗಪತ್ರದಲ್ಲಿ ನಮೂದಾಗದೆ, (ಆ) ಗುಜರಿಯವನಿಗೂ ಸಲ್ಲದೆ, (ಇ) ಕನಿಷ್ಠ ಒಬ್ಬ ದಾಯಾದಿಯ ಬಾಯಿಂದ ‘ಇರಲಿ ಬಿಡಿ’ ಎಂಬ ವಾಕ್ಯವನ್ನು ಹೊರಡಿಸುವುದೋ, ಅದು ರಿಕ್ಥಶೇಷ. ಮೊದಲನೆಯ ಪದದಿಂದ ಸೈಟು, ಠೇವಣಿಗಳ ವ್ಯಾವೃತ್ತಿ. ಎರಡನೆಯದರಿಂದ ಹಳೆಯ ಪತ್ರಿಕೆಗಳ ವ್ಯಾವೃತ್ತಿ. ಮೂರನೆಯದಿಲ್ಲದಿದ್ದರೆ ಬೀರುವಿನ ಧೂಳಿನಲ್ಲಿ ಅತಿವ್ಯಾಪ್ತಿ ತಗಲುತ್ತಿತ್ತು. ಬಂದೂಕು ರಿಕ್ಥಶೇಷವೇ ಎಂದು ಕೆಲವರು ಶಂಕಿಸುವರು. ಅಲ್ಲ. ಪರವಾನಗಿದಾರನು ತೀರಿಕೊಂಡ ಮೇಲೆ ಅದನ್ನು ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕಾದ್ದರಿಂದ ‘ಇರಲಿ ಬಿಡಿ’ ಎನ್ನುವ ಧೈರ್ಯ ಯಾವ ದಾಯಾದಿಗೂ ಬರದು.

ರಿಕ್ಥಶೇಷವು ಚತುರ್ವಿಧ: ಸಾಪರಾಧ, ಪ್ರೇತಸಂಸ್ಥಾಶ್ರಿತ, ಪರಕೀಯ, ಅಜ್ಞಾತಪ್ರಯೋಜನ.

1. ಸಾಪರಾಧ. ಕೇವಲ ಸ್ವೀಕಾರದಿಂದ ದಾಯಾದಿಯನ್ನು ಆರೋಪಿಯ ಸ್ಥಾನಕ್ಕೇರಿಸುವ ಸಾಮರ್ಥ್ಯವುಳ್ಳದ್ದು. ಇದರ ಮುಖ್ಯ ಭೇದಗಳು ಎರಡು.

1.1 ವ್ಯಾಘ್ರನಖ. ಚಿನ್ನದ ಕಟ್ಟು ಹಾಕಿಸಿದ ಹುಲಿಯುಗುರಿನ ಪದಕ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಇಂಥದ್ದು ಉತ್ತರಾಧಿಕಾರದಿಂದ ಬಂದರೆ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಿಸತಕ್ಕದ್ದು. ಮೃತನ ಬಳಿ ಸ್ವಾಮ್ಯದ ಪ್ರಮಾಣಪತ್ರವಿರಲಿಲ್ಲವಾದರೆ ಘೋಷಣೆಯೇ ತಪ್ಪೊಪ್ಪಿಗೆಯಂತೆ ದಾಯಾದಿಗೆ ಭಾಸವಾಗುತ್ತದೆ. 2023ರ ಅಕ್ಟೋಬರಿನಲ್ಲಿ ಕಿರುತೆರೆಯ ಕೊರಳೊಂದರಲ್ಲಿ ಇಂಥ ಪದಕ ಕಂಡು ಅರಣ್ಯ ಇಲಾಖೆ ಎಚ್ಚೆತ್ತಾಗ ಈ ಶಾಖೆಗೆ ಹಠಾತ್ ಪ್ರಾಮುಖ್ಯ ಬಂದಿತು. ಇಲ್ಲಿ ಪ್ರವರ್ತಿಸುವುದು ವಿಪರೀತಪ್ರಾರ್ಥನಾನ್ಯಾಯ: ಇತರ ಒಡವೆಗಳಲ್ಲಿ ದಾಯಾದಿಯು ‘ಅಸಲಿಯಾಗಿರಲಿ’ ಎಂದು ಬೇಡುತ್ತಾನೆ, ಇದರಲ್ಲಿ ಚಿನ್ನವು ಅಸಲಿಯೂ ಉಗುರು ದನದ ಕೊಂಬಿನದೂ ಆಗಿರಲೆಂದು ಬೇಡುತ್ತಾನೆ. ಒಂದೇ ವಸ್ತುವಿನ ಮೇಲೆ ಎರಡು ವಿರುದ್ಧ ಪ್ರಾರ್ಥನೆಗಳು ಏಕಕಾಲದಲ್ಲಿ ನಿಲ್ಲುವ ಬೇರೊಂದು ಸ್ಥಳ ನಮ್ಮ ಗಮನಕ್ಕೆ ಬಂದಿಲ್ಲ.

1.2 ನಿರ್ಮೌಲ್ಯಮುದ್ರೆ. 2016ರ ನವೆಂಬರ್ 8ರಂದು ಚಲಾವಣೆ ಕಳೆದುಕೊಂಡ ನೋಟುಗಳು. ಉಪಲಬ್ಧಿಸ್ಥಾನ: ಒಂಟಿಕೊಪ್ಪಲ್ ಪಂಚಾಂಗದ ಪುಟಗಳ ನಡುವೆ. 2017ರ ಕಾನೂನಿನಂತೆ ಒಬ್ಬನ ಬಳಿ ಇಂಥವು 10ರ ತನಕ ಇರಬಹುದು. ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರಗಳ ನಿಮಿತ್ತವಾದರೆ 25ರ ತನಕ. ಮೀರಿದರೆ ದಂಡವು 10,000 ರೂಪಾಯಿ ಅಥವಾ ಮುಖಬೆಲೆಯ ಐದುಪಟ್ಟು, ಎರಡರಲ್ಲಿ ಹೆಚ್ಚಿನದರವರೆಗೆ ಹೋಗಬಹುದು. ದೇವದತ್ತನ ಪಂಚಾಂಗಗಳಲ್ಲಿ ಐನೂರರ 14 ನೋಟುಗಳಿದ್ದವೆನ್ನೋಣ. ಬೆಲೆಯೇ ಇಲ್ಲದ 7,000ಕ್ಕೆ ಚಲಾವಣೆಯಲ್ಲಿರುವ 35,000ದ ಭಯ. ಪರಿಹಾರವು ವಿಭಾಗದಲ್ಲಿದೆ: 5, 5, 4. ಧನಪ್ರಾಪ್ತಿಗಾಗಿ ಅಲ್ಲದೆ ನಿರ್ದೋಷಿತ್ವಪ್ರಾಪ್ತಿಗಾಗಿ ನಡೆಯುವ ಈ ಹಂಚಿಕೆಯನ್ನು ನಾವು ಶುದ್ಧಿವಿಭಾಗವೆಂದು ಕರೆದಿದ್ದೇವೆ. ತಂಗಿಯ ಮಗಳು ತನ್ನ ಪಾಲನ್ನು ತ್ಯಜಿಸಿದರೂ ಬಾಧೆಯಿಲ್ಲ. ಹದಿನಾಲ್ಕನ್ನೂ ಪ್ರಕೃತ ಶಾಸ್ತ್ರದ ಅಧ್ಯೇತೃವೊಬ್ಬನೇ ಅಧ್ಯಯನಾರ್ಥವಾಗಿ ಧರಿಸಬಲ್ಲನು. ಶಾಸ್ತ್ರಸ್ಥಾಪನೆಯ ದೃಷ್ಟಪ್ರಯೋಜನ ಇದು.

2. ಪ್ರೇತಸಂಸ್ಥಾಶ್ರಿತ. ಖಾತೆದಾರ, ಖಾತೆಯಿದ್ದ ಸಂಸ್ಥೆ, ಎರಡೂ ಗತಿಸಿರುವ ಸ್ಥಿತಿ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲೂ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲೂ, ಪಿಗ್ಮಿಗೆ ಹೆಸರಾದ ಸಿಂಡಿಕೇಟ್ 2020ರಲ್ಲಿ ಕೆನರಾದಲ್ಲೂ ಲೀನವಾದವು. ಈ ಮೂರರ ಪಾಸ್‌ಪುಸ್ತಕಗಳೂ ದೇವದತ್ತನ ಪ್ಲಾಸ್ಟಿಕ್ ಚೀಲದಲ್ಲಿವೆ. ಆದುದರಿಂದ ಕೌಂಟರಿನ ಈಚೆ ನಿಂತವನು ಮೃತನ ಉತ್ತರಾಧಿಕಾರಿ, ಆಚೆ ಕುಳಿತವನು ಮೃತ ಬ್ಯಾಂಕಿನ ಉತ್ತರಾಧಿಕಾರಿ. ಈ ಉಭಯಪ್ರೇತಸಂಬಂಧದಲ್ಲಿ ಒಂದು ವೈಷಮ್ಯವುಂಟು. ಈಚೆಯವನು ಮರಣಪ್ರಮಾಣಪತ್ರ, ವಂಶವೃಕ್ಷ, ಗುರುತಿನ ಚೀಟಿ, ಇತರ ದಾಯಾದಿಗಳ ಒಪ್ಪಿಗೆಯನ್ನು ಹಾಜರುಪಡಿಸಬೇಕು. ಆಚೆಯವನು ಏನನ್ನೂ ತೋರಿಸಬೇಕಾಗಿಲ್ಲ. 10 ವರ್ಷ ವಹಿವಾಟಿಲ್ಲದ ಹಣವು ರಿಸರ್ವ್ ಬ್ಯಾಂಕಿನ ನಿಧಿಗೆ ಸೇರಿ ಅಲ್ಲಿಂದಲೂ ವಾರಸುದಾರರಿಗೆ ಲಭ್ಯವಾಗುವುದರಿಂದ ಅದನ್ನು ಮೂರನೆಯ ಲೋಕವೆನ್ನಲು ಅಡ್ಡಿಯಿಲ್ಲ. ಬಾಕಿ 212 ರೂಪಾಯಿ ಇರುವಲ್ಲಿ ನೋಟರಿಯ ಖರ್ಚು ಅದನ್ನು ಮೀರುತ್ತದಾಗಿ, ‘ಇರಲಿ ಬಿಡಿ’.

3. ಪರಕೀಯ. ಅತ್ಯಂತ ಗಹನವಾದ ಶಾಖೆ. ಮೃತನ ಅಡುಗೆಮನೆಯ ಪಾತ್ರೆಗಳ ಮೇಲೆ ಕೆತ್ತಿರುವ ಹೆಸರು ಮೃತನದಲ್ಲದಿದ್ದರೆ ಅವುಗಳ ಸ್ವಾಮ್ಯವೇನು?

3.1 ದತ್ತ: ಗೃಹಪ್ರವೇಶ, ಮದುವೆಗಳಲ್ಲಿ ಉಡುಗೊರೆಯಾಗಿ ಬಂದದ್ದು. ಹೆಸರು ಕೊಟ್ಟವನದು, ಪಾತ್ರೆ ಮೃತನದು.

3.2 ಪ್ರತ್ಯರ್ಪಣೀಯ: ಚಕ್ಕುಲಿ, ಹುಳಿಯನ್ನ ಇತ್ಯಾದಿಗಳನ್ನು ತುಂಬಿಕೊಂಡು ನೆರೆಮನೆಯಿಂದ ಬಂದು ಹಿಂದಿರುಗದೆ ಉಳಿದದ್ದು. ಹೆಸರೂ ಪಾತ್ರೆಯೂ ನೆರೆಯವರದು.

ಕಣ್ಣಿಗೆ ಎರಡೂ ಒಂದೇ. ವಿವೇಕಹೇತು ಯಾವುದು? ಹೆಸರಿನೊಡನೆ ತಾರೀಖು, ಸಂದರ್ಭಗಳನ್ನು ಕೆತ್ತಿಸಿದ್ದರೆ ದತ್ತ. ತನ್ನ ಪಾತ್ರೆಯ ಮೇಲೆ ಯಾರೂ ತಾರೀಖು ಕೆತ್ತಿಸಿಕೊಳ್ಳುವುದಿಲ್ಲವಷ್ಟೆ. ಕೇವಲ ಇನಿಷಿಯಲ್ಲಿದ್ದರೆ ಪ್ರತ್ಯರ್ಪಣೀಯ. ‘ನೆರೆಯವರು ತಮಗೆ ಬಂದ ಉಡುಗೊರೆಯಲ್ಲೇ ಚಕ್ಕುಲಿ ಕಳಿಸಿದ್ದರೆ?’ ಎಂಬ ಪೂರ್ವಪಕ್ಷವು ಬಲವತ್ತರವಾದುದು. ಅಲ್ಲಿ ತೃತೀಯನೊಬ್ಬನ ಹೆಸರು, ದ್ವಿತೀಯನ ಸ್ವಾಮ್ಯ, ಪ್ರಥಮನ ಕಪಾಟು. ಇದು 3.3, ದತ್ತಪ್ರತ್ಯರ್ಪಣೀಯ, ಇದರ ನಿರ್ಣಯಕ್ಕೆ ಬೀದಿಯ ವೃದ್ಧೆಯೊಬ್ಬರ ಸ್ಮೃತಿಯೇ ಪ್ರಮಾಣ.

ಹಿಂದಿರುಗಿಸುವ ವಿಧಾನವೂ ಸುಲಭವಲ್ಲ. ನೆರೆಮನೆಯ ಪಾತ್ರೆಯನ್ನು ಬರಿದಾಗಿ ಕಳಿಸಬಾರದು. ಕನಿಷ್ಠ ಒಂದು ಹಿಡಿ ಸಕ್ಕರೆ ಬೇಕು. ಸೂತಕದಲ್ಲಿ ಕಳಿಸುವಂತಿಲ್ಲವಾದ್ದರಿಂದ ವೈಕುಂಠ ಸಮಾರಾಧನೆಯಾಗುವವರೆಗೆ ಕಾಯತಕ್ಕದ್ದು. ಅಷ್ಟರಲ್ಲಿ ದಾಯಾದಿಯು ಬೆಂಗಳೂರಿಗೆ ಮರಳಿರುತ್ತಾನೆ. ನೆರೆಯವರೂ ಗತಿಸಿದ್ದರೆ ಪಾತ್ರೆಯು ಅವರ ದಾಯಾದಿಗಳಿಗೆ ಸಲ್ಲುತ್ತದೆ. ಅವರು ಅದನ್ನು ಗುರುತಿಸದೆ ಏನನ್ನಾದರೂ ತುಂಬಿ ವಾಪಸು ಕಳಿಸಿದರೆ ಅದು ಪುನಃ ನೆರೆಯಿಂದ ಬಂದ ಪಾತ್ರೆಯಾಗಿ 3.2ರಲ್ಲಿ ಸೇರುತ್ತದೆ.

ವಿಷಮಲೋಟಾಧಿಕರಣವೂ ಇಲ್ಲಿಯೇ ವಿಚಾರಾರ್ಹ. ಹನ್ನೆರಡರ ಸೆಟ್ಟಿನಲ್ಲಿ ಹನ್ನೊಂದು ಸ್ಟೀಲ್ ಲೋಟಗಳು ಉಳಿದಿವೆ, ದಾಯಾದಿಗಳು ಮೂವರು. ತಲಾ ಮೂರಾದರೆ ಎರಡು ಮಿಗುತ್ತವೆ. ಸಮನಾಗಿ ಹಂಚಲಾಗದ ಆಡು, ಕುರಿಗಳನ್ನು ಕಡಿದು ಹಂಚದೆ ಹಿರಿಯನಿಗೇ ಬಿಡಬೇಕೆಂದು ಮನು ವಿಧಿಸಿದ್ದಾನೆ. ಅದೇ ನ್ಯಾಯ ಲೋಟಕ್ಕೂ ಸಲ್ಲುತ್ತದೆ. ಆದರೆ ಹಿರಿಯನೇ ‘ನನಗೆ ಬೇಡ’ ಎಂದರೇನು ಗತಿಯೆಂಬುದನ್ನು ಮನು ಊಹಿಸಿಲ್ಲ. ಅವನ ಕಾಲದಲ್ಲಿ ಕುರಿಯನ್ನು ಬೇಡವೆನ್ನುವ ಹಿರಿಯರಿರಲಿಲ್ಲವೆಂದು ತೋರುತ್ತದೆ.

4. ಅಜ್ಞಾತಪ್ರಯೋಜನ. ವೈರುಗಳು, ಮೈಸೂರ್ ಸ್ಯಾಂಡಲ್ ಸಾಬೂನಿನ ಖಾಲಿ ಪೆಟ್ಟಿಗೆಗಳು, ಕನ್ನಡಕದ ಒಂಟಿ ಕಾಲುಗಳು ಇತ್ಯಾದಿ. ಇವುಗಳಲ್ಲಿ ಬೀಗದ ಕೈ ಪ್ರಧಾನ. ಅದರ ಅವಸ್ಥೆಗಳು ನಾಲ್ಕು: ಕೈಯುಂಟು, ಬೀಗವಿಲ್ಲ; ಬೀಗವುಂಟು, ಕೈಯಿಲ್ಲ; ಎರಡೂ ಉಂಟು, ಹೊಂದುವುದಿಲ್ಲ; ಹೊಂದುತ್ತವೆ, ಆದರೆ ತೆರೆದ ಡಬ್ಬಿಯೊಳಗೆ ಇರುವುದು ಇನ್ನಷ್ಟು ಬೀಗದ ಕೈಗಳು. ನಾಲ್ಕನೆಯದರಲ್ಲಿ ಅನವಸ್ಥಾದೋಷ ಸ್ಪಷ್ಟ. ಮೊದಲನೆಯದನ್ನು ಎಸೆಯಬಹುದಲ್ಲವೇ ಎಂದರೆ, ಎಸೆದ ಮರುದಿನ ಬೀಗವು ಸಿಕ್ಕುವುದೆಂಬ ವ್ಯಾಪ್ತಿಜ್ಞಾನವು ಸರ್ವ ದಾಯಾದಿಗಳಲ್ಲೂ ದೃಢವಾಗಿದೆ.

ಇನ್ನು ಸ್ವತ್ವೋತ್ಪತ್ತಿಯ ಪ್ರಶ್ನೆ. ಮಕ್ಕಳಿಗೆ ಸ್ವತ್ವವು ಜನ್ಮದಿಂದಲೇ ಎಂದು ಮಿತಾಕ್ಷರಾ. ಒಡೆಯನ ಮರಣದಿಂದ ಎಂದು ಬಂಗಾಳದ ಜೀಮೂತವಾಹನನ ದಾಯಭಾಗ. ರಿಕ್ಥಶೇಷದಲ್ಲಿ ಎರಡೂ ಸಲ್ಲವು. ಹುಟ್ಟಿದವರೆಲ್ಲರಿಗೂ ಅದು ಬೇಡವಾಗಿದೆ, ಒಡೆಯನು ಸತ್ತರೂ ಅದು ಕದಲಿಲ್ಲ. ನಮ್ಮ ಸಿದ್ಧಾಂತ: ಸ್ವತ್ವವು ಅಟ್ಟದಿಂದ ಹುಟ್ಟುತ್ತದೆ. ಯಾವ ದಾಯಾದಿಯ ಮನೆಯಲ್ಲಿ ಅಟ್ಟವಿದೆಯೋ ಅವನೇ ಸಕಲ ರಿಕ್ಥಶೇಷಗಳ ಸ್ವಾಮಿ. ಒಬ್ಬರಿಗಿಂತ ಹೆಚ್ಚು ಮಂದಿಗೆ ಅಟ್ಟವಿದ್ದರೆ ಹೆಚ್ಚು ಖಾಲಿಯಿರುವ ಅಟ್ಟವೇ ಬಲೀಯ. ಈ ಕಾರಣದಿಂದ ತಿಳಿದ ದಾಯಾದಿಗಳು ತಿಥಿಗೆ ಮುಂಚೆಯೇ ತಮ್ಮ ಅಟ್ಟಗಳನ್ನು ತುಂಬಿಸಿಟ್ಟುಕೊಳ್ಳುವರು.

ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲುಮನೆಯ ಮೇಲಿನ ಲಾಫ್ಟು ಅಟ್ಟವೇ. ಗೀಸರಿದ್ದ ಮಾತ್ರಕ್ಕೆ ಅಟ್ಟತ್ವಕ್ಕೆ ಹಾನಿಯಿಲ್ಲ. ಕಾರಿನ ಡಿಕ್ಕಿಯ ವಿಷಯದಲ್ಲಿ ಭಿನ್ನಾಭಿಪ್ರಾಯವುಂಟು. ಚಲಿಸುವುದರಿಂದ ಅದು ಅಟ್ಟವಲ್ಲವೆಂದು ಯಜ್ಞದತ್ತನ ವಾದ. ಚಲನೆಯು ಕಾರಿನದು, ಡಿಕ್ಕಿಯೊಳಗಣ ವಸ್ತುವಿನದಲ್ಲವೆಂದೂ, ದೀಪಾವಳಿಯಿಂದ ಯುಗಾದಿಯವರೆಗೆ ಆ ಎರಡು ಲೋಟಗಳು ಸ್ಟೆಪ್ನಿಯ ಮಗ್ಗುಲಲ್ಲಿ ಇದ್ದ ಹಾಗೆಯೇ ಇರುವುದರಿಂದ ಅಟ್ಟತ್ವವು ಅನುಭವಸಿದ್ಧವೆಂದೂ ಅವನ ಪತ್ನಿಯ ಪಕ್ಷ. ಇದರಲ್ಲಿ ಉತ್ತರಪಕ್ಷವೇ ಗ್ರಾಹ್ಯ.